ಚೀನಿ ಅಕ್ಷರಕ್ಕೆ ತಲೆಕಟ್ಟು

ನಮ್ಮ ಜಹೀರಾಬಾದಿನ ಸಾಯಪ್ಪ ಪೇಂಟರ್ ನಾಲ್ಕು ಭಾಷೆಗಳಲ್ಲಿ ಬೋರ್ಡು ಬರೆಯುತ್ತಾನೆ, ಓದುವುದು ಎರಡನ್ನೇ. ಕನ್ನಡ, ತೆಲುಗು ಸಲೀಸು. ಉರ್ದು, ಮರಾಠಿಯಾದರೆ ಅಂಗಡಿಯವರು ಕೊಟ್ಟ ಚೀಟಿ ನೋಡಿ ಬರೆಯುತ್ತಾನೆ. ನಾರಾಯಣಖೇಡದಿಂದ ತಾಂಡೂರಿನವರೆಗೆ ಅವನ ಕೈಬರಹವನ್ನು ನಾನು ಬಸ್ಸಿನ ಕಿಟಕಿಯಿಂದಲೇ ಗುರುತಿಸಬಲ್ಲೆ. ಈ ಫ್ಲೆಕ್ಸ್ ಬಂದ ಮೇಲೆ ಎಲ್ಲ ಅಂಗಡಿಗಳಿಗೂ ಒಂದೇ ಮುಖ. ನೋಡಿದರೆ ನನಗೆ ಮೈ ಉರಿಯುತ್ತದೆ.

ಸಾಯಪ್ಪನದೊಂದು ಪದ್ಧತಿ. ಬೋರ್ಡು ಮುಗಿದ ಮೇಲೆ ಹೆಂಡತಿ ಪೀರಮ್ಮ ನೋಡಿ ‘ಹೂಂ’ ಅನ್ನಬೇಕು. ಆಮೇಲೆಯೇ ಮೂಲೆಯಲ್ಲಿ ತನ್ನ ಹೆಸರು ಹಾಕುತ್ತಾನೆ. ತಮಾಷೆಯೆಂದರೆ ಪೀರಮ್ಮನಿಗೆ ಯಾವ ಭಾಷೆಯ ಅಕ್ಷರವೂ ಬಾರದು. ಆದರೂ ನಲವತ್ತು ವರ್ಷದಲ್ಲಿ ಹೆಸರಿಲ್ಲದ ಬೋರ್ಡು ಒಂದೂ ಅವನ ಮನೆ ದಾಟಿಲ್ಲ.

ಹೋದ ತಿಂಗಳು ಉಮಾಕಾಂತ ಎಂಬವನು ಬಸ್ ಸ್ಟ್ಯಾಂಡಿನ ಎದುರು ನೂಡಲ್ಸ್ ಅಂಗಡಿ ತೆರೆಯಲು ಹೊರಟ. ಬೋರ್ಡಿನ ಮೇಲೆ ಚೀನಿಯಲ್ಲಿ ‘ರುಚಿ’ ಎಂದು ಬರೆಸುವ ಹುಕಿ ಬಂತು. ಮೊಬೈಲಿನಲ್ಲಿ ಎರಡು ಅಕ್ಷರ ತೋರಿಸಿದ. ಸಾಯಪ್ಪ ಎಂದಿನಂತೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು, ಒಳಗೆ ಕೆಂಪು ತುಂಬಿದ.

ಪೀರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಇವೇನ್ರಿ, ನಮ್ಮ ಅಕ್ಷರ ಇದ್ದಂಗ ಅವ. ನೆತ್ತಿ ಮ್ಯಾಲ ಕೊಂಡಿ ಹಾಕೀರಲ್ಲ?”

ನಿಜ. ಕೈ ತನ್ನ ಪಾಡಿಗೆ ಎರಡಕ್ಕೂ ತಲೆಕಟ್ಟು ಕೊಟ್ಟುಬಿಟ್ಟಿತ್ತು! ಸಾಯಪ್ಪ ನಾಚಿಕೊಂಡು ಅಳಿಸಿ ಬರೆದ. ಪೀರಮ್ಮ ಆಗಲೂ ಒಪ್ಪಲಿಲ್ಲ. “ಸುಮ್ನ ನಿಂತಾವ. ನಡ್ಯಾಕತ್ತಿಲ್ಲ.”

ಅಂಗಡಿ ಸೋಮವಾರ ಶುರು. ಉಮಾಕಾಂತ ರೇಗಿದ. “ಕಾಕಾ, ನಮ್ಮ ಊರಾಗ ಇದನ್ನ ಓದೋರು ಯಾರದಾರ? ಹಂಗೇ ಕೊಡ್ರಿ, ಇಲ್ಲಂದ್ರ ಫ್ಲೆಕ್ಸ್ ಮಾಡಿಸ್ತೀನಿ.”

ಹೆಸರು ಹಾಕದೆ ಕೊಡುವುದು ಸಾಯಪ್ಪನಿಂದಾಗದು, ಪೀರಮ್ಮ ‘ಹೂಂ’ ಅನ್ನದೆ ಹೆಸರು ಹಾಕುವುದೂ ಆಗದು. “ಒಂದಿನ ತಡಿ. ಅವರು ಹೆಂಗ ಬರೀತಾರ ತೋರಸು,” ಎಂದ.

ಉಮಾಕಾಂತ ಗೊಣಗುತ್ತ ಒಂದು ವಿಡಿಯೋ ಹುಡುಕಿದ. ಚೀನಾದ ಮುದುಕನೊಬ್ಬ ಅದೇ ಅಕ್ಷರ ಬರೆಯುತ್ತಿದ್ದ. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂಬುದಕ್ಕೆ ಕ್ರಮವಿತ್ತು. ಎಳೆದ ಗೆರೆಯನ್ನು ಮತ್ತೆ ತಿದ್ದುವಂತಿರಲಿಲ್ಲ. ಮೊದಲ ಅಕ್ಷರದಲ್ಲಿ ಎಡಕ್ಕೆ ಹೆಂಗಸಿನ ಗುರುತು, ಬಲಕ್ಕೆ ಕೂಸಿನ ಗುರುತು ಎಂದು ವಿಡಿಯೋದಲ್ಲೇ ತೋರಿಸಿದ್ದರು. ಎರಡೂ ಸೇರಿದರೆ ‘ಒಳ್ಳೆಯದು’ ಎಂದಂತೆ; ಅದರ ಮುಂದೆ ‘ತಿನ್ನು’ ಎಂಬ ಅಕ್ಷರ ಬಂದರೆ ರುಚಿ. ಸಾಯಪ್ಪ ಚಾಕ್‌ಪೀಸು ಬಿಸಾಡಿದ. ಹಳೆ ಪೇಪರಿನ ಮೇಲೆ ದಿನವಿಡೀ ಹೆಂಗಸು, ಕೂಸು, ಹೆಂಗಸು, ಕೂಸು. ಊಟಕ್ಕೆ ಕರೆದರೂ ಏಳಲಿಲ್ಲ.

ಭಾನುವಾರ ಸಂಜೆ ಉಸಿರು ಬಿಗಿಹಿಡಿದು ಬೋರ್ಡಿನ ಮೇಲೆ ಬರೆದ. ಪೀರಮ್ಮ ಹತ್ತಿರ ಹೋಗಿ ನೋಡಿದಳು, ದೂರ ಸರಿದು ನೋಡಿದಳು. “ಹೂಂ. ಈಗ ನಡದಾವ.”

ಬೋರ್ಡು ಒಯ್ಯಲು ಬಂದಿದ್ದ ಉಮಾಕಾಂತನಿಗೆ ತಡೆಯಲಾಗಲಿಲ್ಲ. “ಕಾಕಿಗಿ ಓದಾಕೇ ಬರಲ್ಲ. ಆಕಿಗ್ಯಾಕ ತೋರಸ್ತೀರಿ?”

“ಓದಾಕ ಬರೋರು ಅಂಗಡಿ ಹೆಸರ ಓದಿ ಹೋಗಿಬಿಡ್ತಾರಪ್ಪ,” ಎಂದ ಸಾಯಪ್ಪ. “ನಾ ಬರದಿದ್ದನ್ನ ನೋಡೋದು ಈಕಿ ಒಬ್ಬಾಕಿನೇ.”

ಪೀರಮ್ಮ ಹೆಸರು ಬರೆಯುವ ಸಣ್ಣ ಬ್ರಷ್ ತಂದು ಅವನ ಕೈಗಿಟ್ಟಳು.