ತತ್ತಿಯ ವಿಷಯ ಅತ್ತೆಗೆ ಹೇಳುವುದೋ ಬೇಡವೋ

ಕಳೆದ ತಿಂಗಳು ಮಗಳ ಡಾಕ್ಟರು ಕೇಳಿದ ಒಂದು ಸಾದಾ ಪ್ರಶ್ನೆಯಿಂದ ನಮ್ಮ ಮನೆಯಲ್ಲಿ ಮೂರು ದಿನ ಯಾರೂ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಪ್ರಶ್ನೆ ಇಷ್ಟೇ: "ಮಗೂಗ ತತ್ತಿ ತಿಂದ್ರ ಏನರ ತ್ರಾಸ ಆಗತೈತೇನ್ರಿ?"

ತತ್ತಿ! ಅಂದರೆ ಮೊಟ್ಟೆ! ನಮ್ಮದು ಏಕಸಂಬಿಯ ಜೈನರ ಮನೆ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸದೆ ನನ್ನ ಅತ್ತೆ ಯಾರಿಗೂ ಕೊಡುವವರಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗೆ ಹೋಗುವುದಿಲ್ಲ. ಬಿಸ್ಕಿಟ್ ಪೊಟ್ಟಣ ತಂದರೆ ಮೊದಲು ಕನ್ನಡಕ ಹುಡುಕಿ, ಹಸಿರು ಚುಕ್ಕೆ ಇದೆಯೋ ಇಲ್ಲವೋ ನೋಡಿ, ಆಮೇಲೆ ಮೊಮ್ಮಗಳ ಕೈಗೆ ಕೊಡುತ್ತಾರೆ. (ಆ ಚುಕ್ಕೆ ಕಾಣಲಿಲ್ಲವೆಂದು ಒಮ್ಮೆ ಇಡೀ ಕೇಕು ಬಂದ ದಾರಿಯಲ್ಲೇ ವಾಪಸ್ಸು ಹೋಗಿದೆ.)

"ತತ್ತಿ ನಮ್ಮ ಮನಿ ಹೊಸಲಾನೂ ದಾಟಿಲ್ರಿ ಡಾಕ್ಟರ್" ಎಂದೆ.

ಡಾಕ್ಟರು ನಕ್ಕರು. ಚಿಕ್ಕೋಡಿಯಲ್ಲಿ ಮಕ್ಕಳ ದವಾಖಾನೆ ಇಟ್ಟಿರುವ ಈ ಹೆಣ್ಣುಮಗಳಿಗೆ ಇನ್ನೂ ನಲವತ್ತು ಆಗಿರಲಿಕ್ಕಿಲ್ಲ. ನಾನು ಹೋಗಿದ್ದು ಫ್ಲೂ ಲಸಿಕೆಯ ಬಗ್ಗೆ ಕೇಳಲು. ನಾಲ್ಕೂವರೆ ವರ್ಷದ ನನ್ನ ಮಗಳು ಸಾನ್ವಿಯ ಶಾಲೆಯ ವಾಟ್ಸಪ್ ಗ್ರೂಪಿನಲ್ಲಿ ಆ ವಾರವೆಲ್ಲ ಅದೇ ಚರ್ಚೆ. ಹೊಸ ಇಂಜೆಕ್ಷನ್ ಬಂದಿದೆಯಂತೆ, ಹಾಕಿಸುವುದೋ ಬಿಡುವುದೋ? ಒಬ್ಬ ತಾಯಿ ಕನ್ನಡದಲ್ಲಿ ಹೌದು ಎಂದರೆ ಇನ್ನೊಬ್ಬಳು ಮರಾಠಿಯಲ್ಲಿ ಇಲ್ಲ ಎನ್ನುತ್ತಿದ್ದಳು. ಉಳಿದವರು ಎರಡಕ್ಕೂ ಹೆಬ್ಬೆರಳು ಎತ್ತುತ್ತಿದ್ದರು!

"ಹಂಗಾದ್ರ ನಿಮಗ ಮೊದಲ ಹೇಳಿಬಿಡತೀನಿ" ಎಂದರು ಡಾಕ್ಟರು. "ನನ್ನ ಕಡೆ ಇರೋ ಲಸಿಕೆಗೆ ವೈರಸ್ ಬೆಳಸೂದು ಕೋಳಿ ತತ್ತಿಯೊಳಗ. ಆಮ್ಯಾಲ ಅದನ್ನ ಸಾಯಿಸಿ, ಶುದ್ಧ ಮಾಡತಾರ. ಆದರೂ ಅದರ ಅಂಶ ಒಂದ ಚೂರ ಉಳದಿರತೈತಿ. ಮನ್ಯಾಗ ಮಾತಾಡಿಕೊಂಡ ಬರ್ರಿ, ಗಡಿಬಿಡಿ ಏನಿಲ್ಲ."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಲಸಿಕೆಯ ಪಾಠವನ್ನು ಎಷ್ಟು ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಒಪ್ಪಿಸಿದ್ದೇನೋ! ವೈರಸ್ಸನ್ನು ಎಲ್ಲಿ ಬೆಳೆಸುತ್ತಾರೆಂದು ಮಕ್ಕಳು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಲಸಿಕೆ ಬೇಡವೆಂದು ಬಿಟ್ಟುಬಿಡಬಹುದಿತ್ತಲ್ಲ? ಬಿಡಬಹುದಿತ್ತು, ಕಳೆದ ಚಳಿಗಾಲ ಬಂದಿರದಿದ್ದರೆ. ಶಾಲೆಯಿಂದ ಸಾನ್ವಿ ಜ್ವರ ತಂದಳು. ಐದು ದಿನ ಮೈ ಕಾದ ಹಂಚಾಗಿತ್ತು. ಅವಳು ಏಳುವಷ್ಟರಲ್ಲಿ ಅತ್ತೆ ಮಲಗಿದರು. ಅವರಿಗೆ ಮೊದಲೇ ದಮ್ಮಿನ ಕಾಯಿಲೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಎಂಟು ದಿನ ಕಳೆದರು. ಆ ಎಂಟು ದಿನವೂ ಸಾನ್ವಿ ಫೋನಿನಲ್ಲಿ ಅಜ್ಜಿಯ ಬಗ್ಗೆ ಕೇಳುತ್ತಿದ್ದದ್ದು ಒಂದೇ: "ಆಯಿಗೆ ನಾನ ಜ್ವರಾ ಕೊಟ್ಟೇನೇನ?"

ಇಂಥ ಮಾತು ಮಗುವಿನ ಬಾಯಿಂದ ಎರಡನೇ ಸಲ ಕೇಳುವ ಧೈರ್ಯ ನನಗಿರಲಿಲ್ಲ.

ಆ ಶನಿವಾರ ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಚಿಕ್ಕೋಡಿ ಕೋರ್ಟಿನಲ್ಲಿ ವಕೀಲರು. ತೀರ್ಪು ತಕ್ಷಣ ಬಂತು.

"ಅವ್ವ ಕೇಳ್ಯಾಳೇನು? ಕೇಳಿಲ್ಲ. ಕೇಳಲಾರದ ಪ್ರಶ್ನಿಗೆ ಉತ್ತರಾ ಯಾಕ ಕೊಡತಿ? ಸುಮ್ನ ಹಾಕಿಸಿಕೊಂಡ ಬರೂಣು. ತಾಕತ್ತಿನ ಇಂಜೆಕ್ಷನ್ ಅಂದ್ರಾತು."

ಒಪ್ಪಿಕೊಳ್ಳಬೇಕು: ಭಾನುವಾರ ಮಧ್ಯಾಹ್ನದವರೆಗೆ ಈ ಸಲಹೆ ನನಗೂ ಬಹಳ ಹಿಡಿಸಿತ್ತು. ಮನೆಯಲ್ಲಿ ನಾವು ಹೇಳುವ ಸುಳ್ಳುಗಳೆಲ್ಲ ಇಂಥವೇ ಅಲ್ಲವೇ? ಮಗುವಿಗೆ "ನೋಯೂದಿಲ್ಲ". ಗಂಡನಿಗೆ "ಸಿಟ್ಟಿಲ್ಲ". ಅತ್ತೆಗೆ "ತಾಕತ್ತಿನ ಇಂಜೆಕ್ಷನ್".

ಆದರೆ ಬೆಳಗಾವಿಯ ಆ ಎಂಟು ದಿನ ಅತ್ತೆಯ ಹಾಸಿಗೆಯ ಪಕ್ಕ ಕುಳಿತವಳು ನಾನು. ನರ್ಸು ಗುಳಿಗೆ ಕೊಟ್ಟಾಗಲೆಲ್ಲ ಅವರು ನನ್ನ ಮುಖ ನೋಡುತ್ತಿದ್ದರು. "ಇದರಾಗ ಏನ ಐತವ್ವಾ?" ನಾನು ಪೊಟ್ಟಣ ಓದಿ ಹೇಳುತ್ತಿದ್ದೆ. ಮುಂದೆ ಒಂದು ಮಾತೂ ಇಲ್ಲ, ನುಂಗಿಬಿಡುತ್ತಿದ್ದರು. ಹಾಗೆ ನಂಬಿದವರಿಗೆ ತಾಕತ್ತಿನ ಕಥೆ ಹೇಗೆ ಹೇಳಲಿ?

ಸೋಮವಾರ ಬೆಳಿಗ್ಗೆ ಅತ್ತೆ ಎಮ್ಮೆ ಹಿಂಡುತ್ತಿದ್ದರು. ನಾನು ಹೋಗಿ ಗೋದಲಿಯ ಪಕ್ಕ ನಿಂತೆ.

"ಅತ್ತೀ, ಒಂದ ಮಾತ ಹೇಳೂದೈತ್ರಿ."

ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಲಸಿಕೆ, ತತ್ತಿ, ಉಳಿಯುವ ಆ ಒಂದು ಚೂರು ಅಂಶ. ಹಾಲಿನ ಧಾರೆ ನಿಂತಿತು. ಎಮ್ಮೆ ಹಿಂತಿರುಗಿ ನನ್ನನ್ನೇ ನೋಡಿತು. ಸ್ವಲ್ಪ ಹೊತ್ತಿಗೆ ಧಾರೆ ಮತ್ತೆ ಶುರುವಾಯಿತು.

"ಹೂಂ" ಎಂದರು ಅತ್ತೆ. ಅಷ್ಟೇ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಅತ್ತೆ ಬಸದಿಗೆ ಹೋದರು, ಬಂದರು, ರೊಟ್ಟಿ ಬಡಿದರು. ಮಾತಿಲ್ಲ. ಯಜಮಾನರು ನನ್ನತ್ತ ನೋಡುವ ನೋಟದಲ್ಲಿ ಮಾತ್ರ ಇಡೀ ವಾದ-ಪ್ರತಿವಾದ ಇತ್ತು. ನಾನು ಚಟ್ನಿಗೆ ಎರಡೆರಡು ಸಲ ಉಪ್ಪು ಹಾಕಿದೆ. ಅದನ್ನೂ ಯಾರೂ ಹೇಳಲಿಲ್ಲ!

ಬುಧವಾರ ಸಂಜೆ ಐದಕ್ಕೆ ಶಾಲೆಯಿಂದ ಬಂದರೆ ಅತ್ತೆ ಮನೆಯಲ್ಲಿಲ್ಲ. ಸಾನ್ವಿ ಪಕ್ಕದ ಮನೆಯ ಅಂಗಳದಲ್ಲಿ ಆಡುತ್ತಿದ್ದಳು. ಪಕ್ಕದ ಮನೆಯ ಕಾಕು ಹೇಳಿದರು: "ಮಧ್ಯಾಹ್ನದ ಬಸ್ಸಿಗೆ ಚಿಕ್ಕೋಡಿಗೆ ಹೋಗ್ಯಾರವ್ವಾ. ಎದಕ್ಕಂತ ಕೇಳಿದ್ರ, ಕೆಲಸಾ ಐತಿ ಅಂದ್ರು."

ಫೋನು ಮಾಡಿದೆ. ಅದು ಅಡುಗೆಮನೆಯ ಗೋಡೆಯ ಮಾಡದಲ್ಲಿ ಕುಳಿತು ಹಾಡಿತು.

ಎಲ್ಲಿಗೆ ಹೋದರು? ಸಿಟ್ಟಾಗಿ ರಾಯಬಾಗದ ತಮ್ಮನ ಮನೆಗೆ ಹೊರಟುಬಿಟ್ಟರೇ? ಯಜಮಾನರಿಗೆ ಫೋನು ಮಾಡಿದರೆ ಅವರದು ಒಂದೇ ರಾಗ: "ನಾ ಹೇಳಿರಲಿಲ್ಲ?" ನಾನು ನಾಲ್ಕು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದೆ.

ಐದನೇ ಸಲ ಹೊರಟಾಗ ಎದುರಿನಿಂದ ಅತ್ತೆ ದಾಪುಗಾಲು ಹಾಕುತ್ತ ಬಂದರು. ಹಿಂದೆ ಯಜಮಾನರು. ಒಂದೇ ಬಸ್ಸಿನಿಂದ ಇಳಿಯುವಾಗ ಇಬ್ಬರೂ ಎದುರಾದರಂತೆ.

"ಮೊದಲ ತಾಟ ಹಾಕು. ಹೊತ್ತ ಮುಳಗಾಕತ್ತೈತಿ."

ಬಿಸಿ ರೊಟ್ಟಿ ಮುರಿಯುತ್ತ ಅತ್ತೆ ಹೇಳಿದ್ದನ್ನು ಕೇಳಿ ನಾನು ಒಲೆಯ ಮುಂದೆಯೇ ಕುಳಿತುಬಿಟ್ಟೆ.

ಅವರು ಹೋಗಿದ್ದು ಸಾನ್ವಿಯ ಡಾಕ್ಟರ ಹತ್ತಿರ! ಹಾಲುಗೂಸುಗಳನ್ನು ಎತ್ತಿಕೊಂಡ ತಾಯಂದಿರ ನಡುವೆ ಅರವತ್ತೇಳರ ಅತ್ತೆ, ಕೈಯಲ್ಲಿ ಟೋಕನ್. ನರ್ಸು ಬಂದು ಕೇಳಿದಳಂತೆ, "ಆಯಿ, ಕೂಸ ಎಲ್ಲಿ?"

"ಕೂಸ ಮನ್ಯಾಗ ಐತಿ. ಪ್ರಶ್ನಿ ನನ್ನ ಕಡೆ ಅದಾವ."

ಒಂದೊಂದೇ ಕೇಳಿದ್ದಾರೆ. ತತ್ತಿಯಲ್ಲಿ ಜೀವ ಇರುತ್ತದೆಯೋ ಇಲ್ಲವೋ? ತತ್ತಿ ಇಲ್ಲದ ಲಸಿಕೆ ಇಲ್ಲವೇ? ಹಾಕಿಸಿದರೆ ಜ್ವರ ಬರುವುದೇ ಇಲ್ಲವೇ? ಹಾಕಿಸದಿದ್ದರೆ ಏನಾದೀತು?

"ಆ ಡಾಕ್ಟರ ಹುಡುಗಿ ಸುಳ್ಳ ಹೇಳಲಿಲ್ಲ ನೋಡ" ಎಂದರು ಅತ್ತೆ. "'ಹೌದ್ರಿ ಆಯಿ, ಮರಿ ಆಗೋ ತತ್ತೀನ ಅದು' ಅಂದ್ಲು. ತತ್ತಿ ಇಲ್ಲದ್ದೂ ಮಾಡತಾರಂತ, ಆಕಿ ಕಡೆ ಈಗ ಇಲ್ಲಂತ. ಹಾಕಿಸಿದರೂ ಜ್ವರಾ ಬಂದರ ಬರಬಹುದು, ಜೋರ ಕಡಿಮಿ ಇರತೈತಿ ಅಂದ್ಲು. ಹಾಕಸದಿದ್ರ ಭಾಳ ಮಕ್ಕಳಿಗೆ ಏನೂ ಆಗಂಗಿಲ್ಲಂತ. ಆದವರಿಗೆ ಮಾತ್ರ ಭಾಳ ಆಗತೈತಂತ."

"ಮತ್ತ?" ಯಜಮಾನರು ಬಾಗಿಲಲ್ಲೇ ನಿಂತಿದ್ದರು.

ಅತ್ತೆ ನೀರು ಕುಡಿದರು.

"ಹೊಲದಾಗ ರಂಟಿ ಹೊಡದ್ರ ಹುಳಾ ಸಾಯತಾವ. ಒಲಿ ಹಚ್ಚಿದ್ರ ಸಾಯತಾವ. ಸಾಯಂಗಿಲ್ಲ ಅಂತ ನಾವೇನ ಸುಳ್ಳ ಹೇಳ್ಕೋತೀವೇನ? ದಿನಾ ಕ್ಷಮಾ ಕೇಳತೀವಿ. ಇದೂ ಪಾಪನ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ಕೂಸ ಉಸರಿಗೆ ಒದ್ದಾಡೂದು ನೋಡಿಕೋತ ಕುಂಡ್ರೂದೂ ಪಾಪನ. ಮೂರ ದಿನಾ ಎರಡೂ ತೂಗಿ ನೋಡೀನಿ. ಕೂಸಿಗೆ ಹಾಕಸ್ರಿ."

ನನ್ನ ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ನೋಡದವರಂತೆ ಮುಂದುವರಿಸಿದರು.

"ಮೊದಲನೇ ಸಲಾ ಅಂತ ಆಕಿಗೆ ತಿಂಗಳ ಬಿಟ್ಟು ಎರಡ ಸೂಜಿ ಹಾಕತಾರಂತ. ಎರಡ ಉಪವಾಸ ನಾ ಮಾಡತೀನಿ. ನಂದೊಂದು ಬ್ಯಾರೆ."

"ನಿಮ್ಮದು?"

ಅತ್ತೆ ಸೆರಗು ಸರಿಸಿ ಎಡತೋಳು ತೋರಿಸಿದರು. ಹತ್ತಿಯ ಉಂಡೆಯ ಮೇಲೆ ಅಂಟಿನ ಪಟ್ಟಿ.

"ದಮ್ಮಿನವರು ಹಾಕಿಸಿಕೋಬೇಕ ಅಂದ್ಲು ಆಕಿ. ಹಂಗಾದ್ರ ಮೊದಲ ನನಗ ಹಾಕು, ಏನಾಗತೈತಿ ನೋಡೂಣು, ಆಮ್ಯಾಲ ಕೂಸಿಗೆ ಅಂದೆ."

ಯಜಮಾನರು ಮೆಲ್ಲಗೆ ಕೇಳಿದರು, "ಅವ್ವಾ, ನಿನಗ ಹೇಳಲಾರದ ಹಾಕಿಸಿದ್ರ?"

"ಹಂಗ ಮಾಡಿದ್ರ ಪಾಪ ನಿಂದಾಗತಿತ್ತಪಾ. ಉಪವಾಸಾ ನೀನ ಮಾಡಬೇಕಾಗತಿತ್ತು."

(ಯಜಮಾನರ ಬೆಳಗಿನ ಚಹಾ ಹತ್ತು ನಿಮಿಷ ತಡವಾದರೆ ಇಡೀ ಓಣಿಗೆ ತಿಳಿಯುತ್ತದೆ. ಉಪವಾಸವಂತೆ!)

ಅತ್ತೆಯ ತೋಳು ಒಂದು ದಿನ ನೋಯಿತು, ಅಷ್ಟೇ. ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಮೂವರು ಹೆಂಗಸರು, ಅಂದರೆ ಅತ್ತೆ, ನಾನು, ಸಾನ್ವಿ, ಚಿಕ್ಕೋಡಿಗೆ ಹೋದೆವು. ನೋಯುವುದಿಲ್ಲ ಎಂದು ಈ ಸಲ ನಾನು ಹೇಳಲಿಲ್ಲ. ಟೋಕನ್ ಹಿಡಿದು ಕೂತ ಸಾನ್ವಿ ಅಜ್ಜಿಯನ್ನೇ ಕೇಳಿದಳು.

"ಆಯಿ, ನಿನಗ ನೋಯ್ತೇನ?"

"ನೋಯ್ತು."

"ಅತ್ತೇನ ನೀ?"

"ಒಂದ ಕಣ್ಣಾಗ ಅತ್ನಿ."

ಸೂಜಿ ಚುಚ್ಚಿದಾಗ ಸಾನ್ವಿ ಒಂದು ಕಣ್ಣನ್ನು ಗಟ್ಟಿಯಾಗಿ ಮುಚ್ಚಿ ಇನ್ನೊಂದರಿಂದ ಅಳಲು ಬಹಳ ಪ್ರಯತ್ನಪಟ್ಟಳು. ಆ ಕಸರತ್ತಿನಲ್ಲಿ ಅಳುವುದೇ ಮರೆತುಹೋಯಿತು. ಡಾಕ್ಟರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಅಂದು ಅತ್ತೆಯದು ಎರಡನೇ ಉಪವಾಸ. ಬಸ್ಸಿನಲ್ಲಿ ಇಡೀ ದಾರಿ ಮೊಮ್ಮಗಳಿಗೆ ಕಥೆ ಹೇಳುತ್ತ, ನಮ್ಮೆಲ್ಲರಿಗಿಂತ ಗಟ್ಟಿಯಾಗಿ ಕುಳಿತಿದ್ದರು.

ವಾಟ್ಸಪ್ ಗ್ರೂಪಿನ ತಾಯಂದಿರು ಈಗ ನನ್ನನ್ನು ಕೇಳುತ್ತಿದ್ದಾರೆ, "ಟೀಚರ್, ನೀವೇನ ಮಾಡಿದ್ರಿ?" ನಾವು ಮಾಡಿದ್ದನ್ನು ಹೇಳಿದ್ದೇನೆ. ನೀವೂ ಹಾಕಿಸಿ ಅಥವಾ ಬಿಡಿ ಎಂದು ಹೇಳಲು ನಾನು ಯಾರು? ನಿಮ್ಮ ಮಗು, ನಿಮ್ಮ ಡಾಕ್ಟರು. ಹೋಗಿ ಕೇಳಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ವಿಜ್ಞಾನದ ಟೀಚರು ತಲೆಯಾಡಿಸಿ ಎದ್ದು ಬಂದ ಅದೇ ಕುರ್ಚಿಯಲ್ಲಿ ಕುಳಿತು, ಏಳನೇ ಇಯತ್ತೆ ಓದಿದ ನನ್ನ ಅತ್ತೆ ಕೇಳಬೇಕಾದ್ದನ್ನೆಲ್ಲ ಕೇಳಿ ಬಂದರು.

'ದೊಡ್ಡವರಿಗೆ ತಿಳಿಯುವುದಿಲ್ಲ ಬಿಡು' ಎಂದು ನಾವು ಮುಚ್ಚಿಡುವ ಸಂಗತಿಗಳು ನಮಗಾದರೂ ಎಷ್ಟು ತಿಳಿದಿರುತ್ತವೆ, ಹೇಳಿ?