ಅರವತ್ತು ಬುಟ್ಟಿ ಸೊಪ್ಪು

ನಗು ಬರುವ ಮೊದಲು ನಮ್ಮ ಲೆಕ್ಕದ ಮೇಷ್ಟ್ರ ಕಿವಿಗಳು ಕೆಂಪಗಾಗುತ್ತಿದ್ದವು. ಆಮೇಲೆ ಕರಿ ಕೋಟಿನೊಳಗೆ ಭುಜಗಳು ಕುಣಿಯುತ್ತಿದ್ದವು. ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಮೇಜಿಗೆ ಒರಗಿರುತ್ತಿದ್ದರು. ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿನ ಏಳನೇ ಕ್ಲಾಸಿನಲ್ಲಿ ನಾವು ಪರೀಕ್ಷೆಗೆ ಹೆದರುತ್ತಿದ್ದೆವು ನಿಜ, ಆದರೆ ಪರೀಕ್ಷೆ ಮುಗಿದ ಮೇಲಿನ ಮೊದಲ ಲೆಕ್ಕದ ಪೀರಿಯಡ್ಡಿಗೆ ಜ್ವರ ಬಂದವರೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವತ್ತು ಮೇಷ್ಟ್ರು ನಮ್ಮ ತಪ್ಪುಗಳನ್ನು ಓದುತ್ತಿದ್ದರು.

ಓದುವಾಗ ಅವರಿಗೊಂದು ನಿಯಮವಿತ್ತು. ಉತ್ತರ ಪತ್ರಿಕೆಯ ಮೇಲಿನ ಹೆಸರು ಕಾಣದ ಹಾಗೆ ಮಡಿಚಿಕೊಳ್ಳುತ್ತಿದ್ದರು. ಯಾರು ಬರೆದದ್ದೆಂದು ಕೊನೆವರೆಗೂ ಹೇಳುತ್ತಿರಲಿಲ್ಲ. "ಇಲ್ಲೊಬ್ರ ಲೆಕ್ಕದಲ್ಲಿ ಮಗನಿಗೆ ಮೂವತ್ತೊಂದು, ಅಪ್ಪನಿಗೆ ಇಪ್ಪತ್ತೆಂಟು. ಇಂಥ ಮಗನ್ನ ಸಾಕೋದು ಕಷ್ಟ ಕಣ್ರಪ್ಪ" ಎನ್ನುವರು. ಯಾರದೋ ಬಸ್ಸು ಚಿಂತಾಮಣಿ ಬಿಟ್ಟು ಒಂದೇ ನಿಮಿಷಕ್ಕೆ ಕೈವಾರ ಸೇರಿತ್ತು. "ಈ ಬಸ್ಸು ಎಷ್ಟೊತ್ತಿಗೆ ಬರುತ್ತೆ ಹೇಳಿ, ನಾನೂ ಹತ್ತಬೇಕು. ನಾನು ಹತ್ತೋದು ಅರ್ಧ ದಾರೀಲಿ ನಿಂತು ನೀರು ಕೇಳುತ್ತೆ." ತಪ್ಪು ಮಾಡಿದವನೂ ತನ್ನ ಗುಟ್ಟು ತನ್ನಲ್ಲೇ ಇಟ್ಟುಕೊಂಡು ಎಲ್ಲರ ಜೊತೆ ನಗುತ್ತಿದ್ದ. ನಕ್ಕು ಮುಗಿಸಿ ಮೇಷ್ಟ್ರು ಬೋರ್ಡಿಗೆ ತಿರುಗಿ, ಆ ತಲೆ ಎಲ್ಲಿ ದಾರಿ ತಪ್ಪಿತು ಎಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಿದ್ದರು. ಒಮ್ಮೆ ಹಾಗೆ ತಿದ್ದಿದ ತಪ್ಪನ್ನು ಯಾರೂ ಎರಡನೇ ಸಲ ಮಾಡಿದ್ದು ನನಗೆ ನೆನಪಿಲ್ಲ.

ನಾನು ಕ್ಲಾಸಿಗೆ ಮೊದಲಿಗಳು. ನನ್ನ ತಪ್ಪನ್ನು ಅವರು ಓದಿದ್ದೇ ಇಲ್ಲ. ಇದರಿಂದ ನನಗೆ ಎಷ್ಟು ಕೊಬ್ಬಿತ್ತೆಂದರೆ, ಈಗ ಆ ಹುಡುಗಿಯನ್ನು ಬೀದಿಯಲ್ಲಿ ಕಂಡರೆ ಎರಡು ಬಿಡಬೇಕು ಅನ್ನಿಸುತ್ತದೆ.

ಅರ್ಧ ವರ್ಷದ ಪರೀಕ್ಷೆಯಲ್ಲಿ ಮೇಷ್ಟ್ರು ಊರಿಗೆ ಒಪ್ಪುವಂಥ ಲೆಕ್ಕವೊಂದನ್ನು ಕೊಟ್ಟರು. ಇಪ್ಪತ್ತನಾಲ್ಕು ತಟ್ಟೆ ರೇಷ್ಮೆ ಹುಳುಗಳಿಗೆ ಮೂರು ದಿನಕ್ಕೆ ಹದಿನೆಂಟು ಬುಟ್ಟಿ ಸೊಪ್ಪು ಬೇಕಾದರೆ, ನಲವತ್ತು ತಟ್ಟೆ ಹುಳುಗಳಿಗೆ ಆರು ದಿನಕ್ಕೆ ಎಷ್ಟು ಬೇಕು? ಅವರು ಗೌರಿಬಿದನೂರಿನ ಆಚೆಯ ಕಡಲೆಕಾಯಿ ಬೆಳೆಯುವ ಹಳ್ಳಿಯವರು. ರೇಷ್ಮೆ ಹುಳು ಕಂಡಿದ್ದು ಇಲ್ಲಿಗೆ ಬಂದ ಮೇಲೆ, ಅದೂ ದೂರದಿಂದ. ನಾನು ನಾಲ್ಕು ಸಾಲಿನಲ್ಲಿ ಅರವತ್ತು ಬುಟ್ಟಿ ಎಂದು ಬರೆದು ಅಡಿಗೆರೆ ಎಳೆದೆ.

ತಪ್ಪು ಓದುವ ದಿನ ಮೇಷ್ಟ್ರು ಒಂದು ಪತ್ರಿಕೆ ಮಡಿಚಿಕೊಂಡರು, ಕಿವಿ ಆಗಲೇ ಕೆಂಪಗಾಗಿತ್ತು. "ಕೇಳಿ. 'ಹುಳು ಜ್ವರಕ್ಕೆ ಕೂತಾಗ ಸೊಪ್ಪು ಮುಟ್ಟುವುದಿಲ್ಲ. ಎದ್ದ ಮೇಲೆ ಜಾಸ್ತಿ ತಿನ್ನುತ್ತದೆ. ಎಷ್ಟನೇ ಜ್ವರದ ಹುಳು ಅಂತ ಹೇಳಿಲ್ಲ. ಅದಕ್ಕೆ ಈ ಲೆಕ್ಕ ಮಾಡಲು ಬರುವುದಿಲ್ಲ.' ಅಯ್ಯೋ ರಾಮ, ನಾನು ಹುಳಕ್ಕೆ ಹೊಟ್ಟೆ ತುಂಬಾ ಹಾಕೋಣ ಅಂದ್ರೆ ಇವ್ರು ಏಕಾದಶಿ ಮಾಡಿಸ್ತಾವ್ರಲ್ಲಪ್ಪ!" ಭುಜ ಕುಣಿಯಿತು, ಕನ್ನಡಕ ಕೆಳಗಿಳಿಯಿತು.

ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಒಂದು ದಿನ ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಹೀಗೆ ನಾಲ್ಕು ಸಲ. ಇದು ನಮ್ಮ ತಾಲ್ಲೂಕಿನಲ್ಲಿ ಹುಳ ಸಾಕುವ ಎಲ್ಲರಿಗೂ ಗೊತ್ತು. ನಮ್ಮ ಮನೆಯ ಹಿತ್ತಲಲ್ಲೇ ಹುಳದ ಮನೆ ಇತ್ತು, ನಾನು ಅದರೊಳಗೆ ಸರಿಯಾಗಿ ಇಣುಕಿಯೂ ನೋಡಿರಲಿಲ್ಲ. ಅಲ್ಲಿ ಹುಳ ಮೇಯಿಸುತ್ತಿದ್ದವಳು ಕೂಲಿಗೆ ಬರುವ ಒಬ್ಬ ಹೆಂಗಸು. ಅವಳ ಮಗಳು ನನ್ನ ಕ್ಲಾಸಿನಲ್ಲೇ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಅಮ್ಮನ ಜೊತೆ ಸೊಪ್ಪು ಹಾಕಿ, ಕೈ ತೊಳೆದುಕೊಂಡು, ನನಗಿಂತ ಮೊದಲೇ ಸ್ಕೂಲಿನಲ್ಲಿರುತ್ತಿದ್ದಳು. ಅದು ಅವಳ ಉತ್ತರವೆಂದು ನನಗೆ ತಕ್ಷಣ ಹೊಳೆಯಿತು.

ಸುಮ್ಮನಿರಬಹುದಿತ್ತು. ನಾನು ಎದ್ದು ನಿಂತೆ. "ಸಾರ್, ಅದು ನಮ್ಮನೆ ಹುಳ ಮೇಯ್ಸೋಳ ಮಗಳು ಬರ್ದಿರೋದು."

ಕ್ಲಾಸಿನ ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಅವತ್ತಿನವರೆಗೆ ನಾವು ತಪ್ಪಿಗೆ ನಗುತ್ತಿದ್ದೆವು, ಈಗ ಮೊದಲ ಸಲ ಒಬ್ಬಳಿಗೆ ನಕ್ಕೆವು. ಮೇಷ್ಟ್ರ ನಗು ಮಾತ್ರ ಅರ್ಧದಲ್ಲೇ ನಿಂತಿತು. ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು. "ಹೆಸರು ಕೇಳಿದ್ನೇನಮ್ಮ ನಾನು?" ಎಂದರು. ಅಷ್ಟೇ.

ಮನೆಗೆ ಹೋಗುವಾಗ ನಾನೇ ಮೊದಲು ಕೂಗಿದ್ದು: "ಏಯ್ ಏಕಾದಶಿ!" ಪೇಟೆ ಬೀದಿ ಮುಗಿಯುವಷ್ಟರಲ್ಲಿ ಆ ಹೆಸರು ಎಲ್ಲರ ಬಾಯಲ್ಲಿತ್ತು. ಅವಳು ತಿರುಗಿ ನೋಡದೆ ಸರಸರನೆ ನಡೆದು ಹೋದಳು. ಮಾರನೆಯ ದಿನ ಬರಲಿಲ್ಲ. ವಾರ ಕಳೆದರೂ ಬರಲಿಲ್ಲ.

ಎಂಟನೆಯ ದಿನ ಸಂಜೆ ಮೇಷ್ಟ್ರು ನಮ್ಮ ಮನೆಗೇ ಬಂದರು. ನನ್ನ ಮೇಲೆ ದೂರು ಹೇಳುತ್ತಾರೆಂದು ನಾನು ಬಾಗಿಲ ಹಿಂದೆ ಸರಿದೆ. ಅವರು ನಮ್ಮಮ್ಮನಿಗೆ ಕೈಮುಗಿದು, "ತಾಯಿ, ನಾನು ಹುಳ ನೋಡಬೇಕಿತ್ತು" ಎಂದರು. ಅಮ್ಮ ನನಗೆ ಕರೆದುಕೊಂಡು ಹೋಗಲು ಹೇಳಿದಳು.

ಹುಳದ ಮನೆಯ ಬಾಗಿಲಲ್ಲಿ ಆ ಹುಡುಗಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಮೇಷ್ಟ್ರನ್ನು ಕಂಡು ಗಾಬರಿಯಿಂದ ಎದ್ದಳು. ಅವರು ಒಳಗೆ ಕಾಲಿಡಲು ಹೋದಾಗ ಮಾತ್ರ ಕೈ ಅಡ್ಡ ಹಿಡಿದಳು.

"ಬೇಡಿ ಸಾರ್. ನಶ್ಯ ಹಾಕ್ತೀರಲ್ಲ, ಆ ವಾಸ್ನೆಗೇ ಹುಳ ಸತ್ತೋಗ್ತವೆ."

ಮೇಷ್ಟ್ರು ನಶ್ಯದ ಡಬ್ಬಿಯನ್ನು ಕೋಟಿನ ಸಮೇತ ನನ್ನ ಕೈಗೆ ಕೊಟ್ಟರು. ಬಾವಿಕಟ್ಟೆಗೆ ಹೋಗಿ ಕೈ, ಕಾಲು, ಮೂಗು, ಮೀಸೆ ಎಲ್ಲ ಉಜ್ಜಿ ತೊಳೆದುಕೊಂಡು ಬಂದು, ಹುಡುಗರು ಉಗುರು ತೋರಿಸುವ ಹಾಗೆ ಅವಳ ಮುಂದೆ ಕೈ ಚಾಚಿದರು. "ಈಗ ಸರಿಯೇನಮ್ಮ?" ಅವಳು ಮೂಸಿ ನೋಡಿ ತಲೆಯಾಡಿಸಿದಳು.

ಒಳಗೆ ಒಂದು ಸಾಲಿನ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಇನ್ನೊಂದು ಸಾಲಿನಲ್ಲಿ ಎಲ್ಲವೂ ತಲೆ ಎತ್ತಿಕೊಂಡು ನಿಶ್ಚಲವಾಗಿ ಕೂತಿದ್ದವು, ಉಳಿದ ಎಲೆ ಬಾಡಿತ್ತು. ಮೇಷ್ಟ್ರು ಬಗ್ಗಿ ಬಹಳ ಹೊತ್ತು ನೋಡಿದರು. ನಾನೂ ಬಾಗಿಲಿನಿಂದಲೇ ಅವತ್ತು ಮೊದಲ ಸಲ ನೋಡಿದೆ.

"ನಿನ್ನ ಉತ್ತರ ಸರಿ ಕಣಮ್ಮ. ನನ್ನ ಪ್ರಶ್ನೆನೇ ತಪ್ಪು. ನಾನು ನಗಬಾರದಿತ್ತು. ನಾಳೆ ಬಾ, ಇದನ್ನ ನೀನೇ ಕ್ಲಾಸಲ್ಲಿ ಹೇಳ್ಕೊಡು."

"ಬರಲ್ಲ ಸಾರ್. ಕೂಗ್ತಾರೆ."

"ಯಾರು ಕೂಗೋದು?"

ಅವಳು ಸೊಪ್ಪಿನ ಬುಟ್ಟಿಯ ಕಡೆ ತಿರುಗಿದಳು. ನನ್ನ ಕಡೆ ನೋಡಲೇ ಇಲ್ಲ. ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದ ಅವಳ ಅಮ್ಮನೇ ಎಂದಿನಂತೆ ತೆಲುಗು ಬೆರೆಸಿ, "ಪೋನೀಂಡಿ ಸ್ವಾಮಿ, ಹೋಗ್ಲಿ, ಹುಳ ಮೇಯ್ಸೋಕೆ ಇಷ್ಟು ಓದಿದ್ದು ಸಾಕು ಬಿಡಿ" ಎಂದಳು. ನಾವು ಅವರಿಗೆ ಕೆಲಸ ಕೊಟ್ಟವರು, ಅವರು ನನ್ನ ಹೆಸರು ಹೇಗೆ ಹೇಳಿಯಾರು? ಮೇಷ್ಟ್ರು ತಿರುಗಿ ನನ್ನನ್ನು ನೋಡಿದರು. ಕೋಪವಿರಲಿಲ್ಲ, ಕಾಯುತ್ತಿದ್ದರು. ಕೂಗಿದ್ದು ನಾನು, ಇನ್ನು ಕೂಗಲ್ಲ ಬಾರೆ ಎಂದು ಒಂದು ಮಾತು ಹೇಳಿದ್ದರೆ ಅವಳು ಬರುತ್ತಿದ್ದಳೋ ಏನೋ. ನಾನು ಅವರ ಕೋಟನ್ನು ಜಗಲಿಯ ಮೇಲಿಟ್ಟು ಮನೆಯೊಳಗೆ ಓಡಿಹೋದೆ.

ಮಾರನೆಯ ದಿನ ಮೇಷ್ಟ್ರು ಕ್ಲಾಸಿನಲ್ಲಿ, "ಹುಳದ ಲೆಕ್ಕದಲ್ಲಿ ಒಬ್ಬಳದೇ ಉತ್ತರ ಸರಿ. ಅರವತ್ತು ಅಂತ ಬರೆದವರಿಗೂ ಮಾರ್ಕು ಇರಲಿ, ಪಾಪ, ನೀವು ನನ್ನಂಥವ್ರು" ಎಂದರು. ಯಾರೂ ನಗಲಿಲ್ಲ. ಆಮೇಲೆ ಅವರು ತಪ್ಪುಗಳನ್ನು ಓದುವುದನ್ನೇ ಬಿಟ್ಟರು. ಪತ್ರಿಕೆಗಳನ್ನು ಹಂಚಿ ಬೋರ್ಡಿಗೆ ತಿರುಗುತ್ತಿದ್ದರು. ಅವರು ನಗದಿದ್ದಕ್ಕೆ ಹುಡುಗರಿಗೆ ಬೇಜಾರಾಯಿತು, ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಬೇಸಿಗೆ ರಜ ಮುಗಿದು ಸ್ಕೂಲು ತೆರೆಯುವ ವಾರ ಅವರು ಮತ್ತೆ ನಮ್ಮ ಹಿತ್ತಲಿಗೆ ಬಂದು ಅವಳನ್ನು ಕರೆದರು. ಮರು ವರ್ಷವೂ ಬಂದರು. ಆಮೇಲೆ ಅವಳ ಮನೆಯವರು ಅವಳನ್ನು ಮುರುಗಮಲ್ಲದ ಕಡೆ ಮದುವೆ ಮಾಡಿ ಕೊಟ್ಟರು. ಮೇಷ್ಟ್ರು ಬಂದ ಆ ಎರಡು ಸಲವೂ ನಾನು ನಡುಮನೆಯಲ್ಲಿ ಪುಸ್ತಕ ಹಿಡಿದುಕೊಂಡು ಅವರ ದನಿ ಕೇಳುತ್ತಾ ಕೂತಿದ್ದೆ, ಹೊರಗೆ ಬರಲಿಲ್ಲ.

ಮುಂದೆ ನಾನು ಟ್ರೈನಿಂಗ್ ಮುಗಿಸಿ ಚಿಂತಾಮಣಿಯಲ್ಲಿ ಲೆಕ್ಕದ ಟೀಚರಾದೆ. ಒಂದು ದಿನ ಉತ್ತರ ಪತ್ರಿಕೆ ತಿದ್ದುವಾಗ ತಪ್ಪೊಂದನ್ನು ನೋಡಿ ನನಗೆ ತಡೆಯಲಾರದಷ್ಟು ನಗು ಬಂತು, ಅದರ ಹಿಂದೆಯೇ ಅಳು. ಆ ಭಾನುವಾರವೇ ಗೌರಿಬಿದನೂರಿನ ಬಸ್ಸು ಹತ್ತಿ, ಅವರ ಹಳ್ಳಿ ಹುಡುಕಿಕೊಂಡು ಹೋದೆ.

ಮೇಷ್ಟ್ರು ಹಾಸಿಗೆ ಹಿಡಿದಿದ್ದರು. ಕಣ್ಣು ಪೂರ್ತಿ ಹೋಗಿತ್ತು. ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತನ್ನು ಅವಸರದಲ್ಲಿ ಶುರುಮಾಡಿದೆ. "ಸಾರ್, ನಾನು ಶಿಡ್ಲಘಟ್ಟದವಳು. ಏಳನೇ ಕ್ಲಾಸಲ್ಲಿ ನಿಮ್ಮ ಹತ್ರ ಓದಿದ್ದೆ. ಆ ಹುಳದ ಲೆಕ್ಕ ಇತ್ತಲ್ಲ ಸಾರ್..."

ಅವರು ಕೈಯೂರಿ ಏಳಲು ಹೋದರು. ಅವರ ಹೆಂಡತಿ ಓಡಿ ಬಂದು ಹಿಡಿದುಕೊಂಡರು. "ಬಂದ್ಯಾಮ್ಮ?" ಎಂದರು ಮೇಷ್ಟ್ರು. ನನ್ನ ದನಿ ಬಂದ ಕಡೆಗೆ ಎರಡೂ ಕೈ ಜೋಡಿಸಿದರು. "ನಾನು ನಕ್ಕಿದ್ದಕ್ಕೆ ನಿನ್ನ ಓದು ನಿಂತೋಯ್ತು ತಾಯಿ. ದಿನಾ ನೆನೆಸ್ಕೊಂತೀನಿ. ಕ್ಷಮಿಸ್ಬಿಡಮ್ಮ."

ನಾನು ಅವಳಲ್ಲ ಎನ್ನಬೇಕಿತ್ತು. ತಪ್ಪು ನಿಮ್ಮದಲ್ಲ, ನನ್ನದು ಎನ್ನಬೇಕಿತ್ತು. ಅದಕ್ಕೆಂದೇ ಬಂದಿದ್ದೆ. ಜೋಡಿಸಿದ ಕೈ ಇಳಿಸದೆ ಅವರು ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು ಆ ಕೈಗಳನ್ನು ಹಿಡಿದುಕೊಂಡು, "ಹೋಗಲಿ ಬಿಡಿ ಸಾರ್" ಎಂದೆ. ಅವರು ನೆಮ್ಮದಿಯಿಂದ ದಿಂಬಿಗೆ ಒರಗಿದರು. ಹದಿನೈದು ದಿನಕ್ಕೆ ತೀರಿಕೊಂಡರೆಂದು ಕಾಗದ ಬಂತು.

ಅವರಿಗೆ ಸುಖವಾಗಲೆಂದು ಹಾಗೆಂದೆನೋ, ನಾನು ಯಾರೆಂದು ತಿಳಿಯದಿರಲೆಂದು ಹಾಗೆಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೇಷ್ಟ್ರನ್ನು ಕ್ಷಮಿಸುವುದೋ ಬಿಡುವುದೋ ಮುರುಗಮಲ್ಲದ ಆ ಹೆಂಗಸಿಗೆ ಬಿಟ್ಟದ್ದಾಗಿತ್ತು. ಅವಳ ಸ್ಕೂಲು ಕಿತ್ತುಕೊಂಡ ನಾನು ಅದನ್ನೂ ಅವಳಿಗೆ ಉಳಿಸಲಿಲ್ಲ.