ಕುದುರೆ ದಂಡಿನ ಬಿಲ್ಲೆ

ದಾಮೋದರ ಮೇಷ್ಟ್ರು ಮೂಡಿಗೆರೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವರು. ಜನ್ಮದಲ್ಲಿ ಕುದುರೆ ಹತ್ತಿದವರಲ್ಲ, ಸೈಕಲ್ಲೂ ಅಷ್ಟಕ್ಕಷ್ಟೇ. ಆದರೆ ಹಳೆಯ ಕುದುರೆ ದಂಡುಗಳ ಬಿಲ್ಲೆ ಎಂದರೆ ಪ್ರಾಣ ಬಿಡುತ್ತಿದ್ದರು. ಸವಾರರು ರುಮಾಲಿಗೆ, ಹೆಗಲಿಗೆ ಸಿಕ್ಕಿಸಿಕೊಳ್ಳುತ್ತಿದ್ದ ನಲವತ್ತೊಂದು ಬಿಲ್ಲೆಗಳು ಅವರ ಮನೆಯ ಗಾಜಿನ ಪೆಟ್ಟಿಗೆಯಲ್ಲಿದ್ದವು. ಯಾವುದು ಯಾವ ದಂಡಿನದು ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ ಮುಗಿಯಿತು, ಕೇಳಿದವರಿಗೆ ಕೊನೆ ಬಸ್ಸು ತಪ್ಪುತ್ತಿತ್ತು.

ನಲವತ್ತನ್ನು ದುಡ್ಡು ಕೊಟ್ಟೋ ಕಾಡಿಬೇಡಿಯೋ ತಂದದ್ದು. ಒಂದನ್ನು ಕದ್ದದ್ದು. ಕದ್ದದ್ದು ಅಂತಲೇ ಹೇಳಬೇಕು. ಮೇಷ್ಟ್ರು ಮಾತ್ರ ಎಂಟು ವರ್ಷ ಆ ಶಬ್ದವನ್ನು ಹತ್ತಿರ ಬಿಟ್ಟುಕೊಂಡಿರಲಿಲ್ಲ.

೧೯೯೫ರಲ್ಲಿ ಮತದಾರರ ಪಟ್ಟಿಯ ಕೆಲಸಕ್ಕೆಂದು ಗೋಣಿಬೀಡಿನ ಕಡೆಯ ಎಸ್ಟೇಟುಗಳ ಕೂಲಿ ಲೈನುಗಳನ್ನು ಸುತ್ತುವಾಗ, ತೋಟದ ಆಳು ಮುತ್ತಮ್ಮನ ಮನೆಯ ದೇವರ ಗೂಡಿನಲ್ಲಿ ಅದು ಕಣ್ಣಿಗೆ ಬಿತ್ತು. ಮಸಿ ಹಿಡಿದ ಗಂಡಭೇರುಂಡ, ಕೆಳಗೆ ಅಡ್ಡಡ್ಡ ಎರಡು ಭರ್ಜಿ. ಮುತ್ತಮ್ಮನ ಮಾವ ಮೈಸೂರು ಮಹಾರಾಜರ ಕುದುರೆ ದಂಡಿನಲ್ಲಿದ್ದವನಂತೆ. ಸತ್ತವನದೊಂದು ಫೋಟೊ ಕೂಡ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಆ ಬಿಲ್ಲೆಯನ್ನೇ ಮಣೆಯ ಮೇಲಿಟ್ಟು ಅದರ ಮುಂದೆ ಎಡೆ ಬಡಿಸುತ್ತಿದ್ದರು.

ಮೇಷ್ಟ್ರ ಬಾಯಲ್ಲಿ ನೀರೂರಿತು. "ಕೊಡಮ್ಮ, ಪಾಲಿಶ್ ಮಾಡಿಸಿ ತರ್ತೀನಿ" ಎಂದರು. ಹದಿನೈದು ದಿನ ಬಿಟ್ಟು ತಂದುಕೊಟ್ಟದ್ದು ಮದುವೆ ಬ್ಯಾಂಡ್‌ಸೆಟ್ಟಿನವರ ಟೋಪಿಯ ಬಿಲ್ಲೆ, ಚಿಕ್ಕಮಗಳೂರು ಪೇಟೆಯಲ್ಲಿ ಕೊಂಡದ್ದು. ಅದರಲ್ಲೂ ಎರಡು ತಲೆಯ ಹಕ್ಕಿಯಿತ್ತು, ಥಳಥಳ ಹೊಳೆಯುತ್ತಿತ್ತು. ಮುತ್ತಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. "ಬಂಗಾರದಂಗೆ ಮಾಡ್ಕೊಟ್ರಿ ಮೇಷ್ಟ್ರೇ" ಎಂದು ಹಿತ್ತಲಿನ ನಾಲ್ಕು ಸೌತೆಕಾಯಿ ಕೊಟ್ಟಳು. ಪುಣ್ಯಾತ್ಮ ಅವನ್ನೂ ಚೀಲಕ್ಕೆ ಹಾಕಿಕೊಂಡು ಬಂದರು!

೨೦೦೩ರಲ್ಲಿ, ಮಹಾಲಯ ಅಮಾವಾಸ್ಯೆಗೆ ಐದಾರು ದಿನ ಇರುವಾಗ, ಅವರ ಮನೆಯಲ್ಲಿ ತಾಯಿಯ ಪಕ್ಷದ ಶ್ರಾದ್ಧ. ಅಂಗಳದಲ್ಲಿ ಪಿಂಡವಿಟ್ಟು ಒಂದು ಗಂಟೆ ಕಾದರೂ ಕಾಗೆ ಇಳಿಯಲಿಲ್ಲ. "ಅಮ್ಮಂಗೆ ಏನೋ ಅಸಮಾಧಾನ ಕಣೋ ಅಣ್ಣ" ಎಂದಳು ತಂಗಿ ಪಂಚಮಿ. ಅವಳು ಸುಮ್ಮನೆ ಅಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದೇ ಇರುತ್ತಾರಲ್ಲ. ತಮ್ಮ ತಾಯಿ ಒಂದು ದಿನ ಉಣ್ಣಲಿಲ್ಲವೆಂದು ಕಣ್ಣೀರು ಹಾಕಲು ಹೊರಟ ಮೇಷ್ಟ್ರಿಗೆ ಮುತ್ತಮ್ಮನ ಮಾವ ನೆನಪಾದ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆ ರಾತ್ರಿ ಅನ್ನ ಸೇರಲಿಲ್ಲ.

ಅಮಾವಾಸ್ಯೆಯ ಮಧ್ಯಾಹ್ನ ಬಿಲ್ಲೆಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಮುತ್ತಮ್ಮನ ಮನೆಗೆ ಹೋದರು. ಎಡೆ ಬಡಿಸಿಯಾಗಿತ್ತು. ಕಡುಬು, ಕೋಳಿ ಸಾರು, ಹೊಸ ಪಂಚೆ. ಎದುರಿಗೆ ಮಣೆಯ ಮೇಲೆ ಬ್ಯಾಂಡ್‌ಸೆಟ್ಟಿನ ಬಿಲ್ಲೆ ಕುಂಕುಮ ಇಟ್ಟುಕೊಂಡು ಕೂತಿತ್ತು. ಮೇಷ್ಟ್ರು ಹೊಸ್ತಿಲಾಚೆಯೇ ನಿಂತು, ಒಂದನ್ನೂ ಬಚ್ಚಿಡದೆ ಹೇಳಿದರು.

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮುತ್ತಮ್ಮ ಬೈಯಲಿಲ್ಲ.

"ಹಂಗಾರೆ ನಮ್ಮ ಮಾವ ಎಂಟು ವರ್ಷ ಉಪಾಸ ಇದ್ರಾ?" ಎಂದಳು.

ಮೇಷ್ಟ್ರು ಕರ್ಚೀಫು ಬಿಚ್ಚಿ ಬಿಲ್ಲೆಯನ್ನು ಅವಳ ಮುಂದೆ ಹಿಡಿದರು. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಮಣೆಯ ಮೇಲಿಟ್ಟು ಪಕ್ಕಕ್ಕೆ ಸರಿದಳು.

"ನಾನು ಯಾವ ಮುಖ ಇಟ್ಕೊಂಡು ಕರೀಲಿ ಅವ್ರನ್ನ? ನೀವೇ ಕರೀರಿ. ಹೆಸರು ಹಿಡಿದು ಕೂಗಿದ್ರೇನೇ ನಮ್ಮಲ್ಲಿ ಹಿರೀಕರು ಊಟಕ್ಕೆ ಬರೋದು. ಯಾಕೆ ಊಟ ತಪ್ತು ಅಂತಾನೂ ನೀವೇ ಹೇಳಿ."

ಮೇಷ್ಟ್ರು ಒಳಗೆ ಬಂದು ಎಡೆಯ ಮುಂದೆ ಮಂಡಿಯೂರಿ ಕೈ ಮುಗಿದರು. ಬಿಲ್ಲೆ ಎರಕ ಹೊಯ್ದ ಇಸವಿ ಗೊತ್ತಿತ್ತು, ಆಗ ಪಟ್ಟದಲ್ಲಿದ್ದ ಅರಸರು ಯಾರೆಂದು ಗೊತ್ತಿತ್ತು, ಭರ್ಜಿಯ ಉದ್ದ ಎಷ್ಟು ಮೊಳ ಅನ್ನುವುದೂ ಗೊತ್ತಿತ್ತು. ಕರೆಯಲು ಬಾಯಿ ತೆರೆದರು, ಮುಚ್ಚಿದರು. ಎಂಟು ವರ್ಷದಲ್ಲಿ ಅದೊಂದನ್ನು ಅವರು ಕೇಳಿಯೇ ಇರಲಿಲ್ಲ.

"ಮುತ್ತಮ್ಮ, ಅವರ ಹೆಸರು..." ಎಂದರು, ತಲೆಯೆತ್ತದೆ.

ಮುತ್ತಮ್ಮ ಬ್ಯಾಂಡ್‌ಸೆಟ್ಟಿನ ಬಿಲ್ಲೆಯನ್ನು ಮಣೆಯಿಂದೆತ್ತಿ ಕೆಳಗಿಟ್ಟಳು.

"ಲಕ್ಕಯ್ಯ" ಎಂದಳು.